ತೊಡೆಯ ಮೇಲಿನ ಅಗ್ಗಿಷ್ಟಿಕೆ

ಲ್ಯಾಪ್‌ಟಾಪ್ ಎಂದರೆ ತೊಡೆಯ ಮೇಲಿಟ್ಟುಕೊಳ್ಳುವ ಗಣಕ. ಹೆಸರು ಹುಟ್ಟಿದ್ದು 1980ರ ದಶಕದ ಮೊದಲ ವರ್ಷಗಳಲ್ಲಿ. ಇಂದು ಅಂಥ ಯಂತ್ರವೊಂದನ್ನು ಕೊಂಡರೆ ಜೊತೆಗೆ ಬರುವ ಕೈಪಿಡಿಯಲ್ಲಿ, ಇದನ್ನು ಬಹಳ ಹೊತ್ತು ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ ಎಂಬ ಎಚ್ಚರಿಕೆ ಸಣ್ಣ ಅಕ್ಷರಗಳಲ್ಲಿ ಇರುವುದುಂಟು. ಹೆಸರಿಗೂ ಎಚ್ಚರಿಕೆಗೂ ನಡುವೆ ಇರುವುದು ಶಾಖ. 2010ರಲ್ಲಿ ಮಕ್ಕಳ ವೈದ್ಯಕೀಯದ ಅಮೆರಿಕದ ಪತ್ರಿಕೆಯೊಂದು ಸ್ವಿಟ್ಜರ್‌ಲೆಂಡಿನ ಹನ್ನೆರಡು ವರ್ಷದ ಹುಡುಗನೊಬ್ಬನ ವಿಷಯ ಪ್ರಕಟಿಸಿತು. ದಿನಕ್ಕೆ ಕೆಲವು ಗಂಟೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಆಟವಾಡುತ್ತಿದ್ದ ಆತನ ಚರ್ಮದ ಮೇಲೆ ಬಲೆಯಂತೆ ಕಂದು ಕಲೆಗಳು ಎದ್ದಿದ್ದವು. ವೈದ್ಯರಿಗೆ ಈ ಕಲೆ ಹೊಸದಲ್ಲ. ಒಲೆಯ ಮುಂದೆ ದಿನವಿಡೀ ಕೂರುವವರಲ್ಲಿ, ಕೆಂಡ ತುಂಬಿದ ಕಾಂಗಡಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಚಳಿ ಕಳೆಯುವ ಕಾಶ್ಮೀರಿಗಳಲ್ಲಿ ಅದನ್ನು ಅವರು ಹಿಂದಿನಿಂದಲೂ ಕಂಡವರೇ.

ಲ್ಯಾಪ್‌ಟಾಪ್ ಬಿಸಿಯಾಗುವುದರಲ್ಲಿ ಅಚ್ಚರಿಯೇನಿಲ್ಲ. ಅಚ್ಚರಿ ಇರುವುದು ಇನ್ನೊಂದು ದೂರಿನಲ್ಲಿ. "ನಿನ್ನೆಯವರೆಗೂ ತಣ್ಣಗಿತ್ತು, ಆಪರೇಟಿಂಗ್ ಸಿಸ್ಟಂ ಹೊಸದು ಹಾಕಿದ ಮೇಲೆ ಕಾಯತೊಡಗಿದೆ, ಫ್ಯಾನು ನಿಲ್ಲುವುದೇ ಇಲ್ಲ" ಎಂಬ ಮಾತನ್ನು ಗಣಕ ದುರಸ್ತಿ ಅಂಗಡಿಯವರು ಪ್ರತಿಯೊಂದು ಹೊಸ ಆವೃತ್ತಿ ಬಂದಾಗಲೂ ಕೇಳುತ್ತಾರೆ. ಯಂತ್ರ ಅದೇ, ಚಿಪ್ಪು ಅದೇ, ಒಳಗಿನ ದೂಳೂ ಅದೇ. ಬದಲಾದದ್ದು ತಂತ್ರಾಂಶ ಮಾತ್ರ. ತೂಕವಿಲ್ಲದ, ಮುಟ್ಟಲಾಗದ, ಬರಿಯ ಸೂಚನೆಗಳ ಸರಮಾಲೆಯಾದ ತಂತ್ರಾಂಶವು ಲೋಹವನ್ನು ಕಾಯಿಸುವುದು ಹೇಗೆ? ಒಂದೇ ಬಸ್ಸಿಗೆ ಚಾಲಕ ಬದಲಾದರೆ ಡೀಸೆಲ್ ಖರ್ಚು ಬದಲಾಗುತ್ತದೆ ಎನ್ನುವುದನ್ನು ಸಾರಿಗೆ ಡಿಪೋದವರಿಗೆ ಹೇಳಿಕೊಡಬೇಕಾಗಿಲ್ಲ. ಗಣಕದಲ್ಲಿ ಆಪರೇಟಿಂಗ್ ಸಿಸ್ಟಂ ಎಂದರೆ ಅಂಥ ಚಾಲಕ. ಆದರೆ ಆತನ ಕೈಗೆ ಈ ಚಕ್ರ ಬಂದದ್ದು ತೀರ ಇತ್ತೀಚೆಗೆ, ಮತ್ತು ಬಂದ ರೀತಿ ಸ್ವಾರಸ್ಯದ್ದು.

ಮೊದಲು ಶಾಖದ ಮೂಲವನ್ನು ನೋಡೋಣ. 1961ರಲ್ಲಿ ಐಬಿಎಂ ಸಂಸ್ಥೆಯ ಭೌತವಿಜ್ಞಾನಿ ರೋಲ್ಫ್ ಲ್ಯಾಂಡೌವರ್ ಒಂದು ವಿಚಿತ್ರವಾದ ವಾದವನ್ನು ಮುಂದಿಟ್ಟರು. ಗಣಕ ತನ್ನ ನೆನಪಿನಿಂದ ಒಂದು ಬಿಟ್ ಮಾಹಿತಿಯನ್ನು ಅಳಿಸಿದರೆ, ಅದು ಎಷ್ಟೇ ನಾಜೂಕಾಗಿ ಅಳಿಸಲಿ, ಸ್ವಲ್ಪ ಶಾಖ ಹೊರಬಂದೇ ತೀರಬೇಕು. ಸಾಮಾನ್ಯ ಕೊಠಡಿಯ ಉಷ್ಣಾಂಶದಲ್ಲಿ ಆ 'ಸ್ವಲ್ಪ' ಎಂದರೆ ಒಂದು ಜೂಲನ್ನು ಕೋಟಿ ಕೋಟಿ ಕೋಟಿ ಭಾಗ ಮಾಡಿದರೆ ಅದರಲ್ಲಿ ಸುಮಾರು ಮೂರು ಭಾಗ. 2012ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಪ್ರಯೋಗವೊಂದು ಈ ಲೆಕ್ಕವನ್ನು ಕಣ್ಣಾರೆ ಕಂಡು ದೃಢಪಡಿಸಿತು. ನಮ್ಮ ಯಂತ್ರಗಳು ಈ ಕನಿಷ್ಠ ಮಿತಿಯ ಹತ್ತಿರಕ್ಕೂ ಬಂದಿಲ್ಲ. ಅವು ಅದರ ಎಷ್ಟೋ ಸಾವಿರ ಪಟ್ಟು ಬೇಯುತ್ತವೆ. ಆದರೂ ಲ್ಯಾಂಡೌವರ್ ತೋರಿಸಿದ ತತ್ವ ಮುಖ್ಯ: ಲೆಕ್ಕ ಮಾಡುವುದು ಒಂದು ಭೌತಿಕ ಕ್ರಿಯೆ, ಅದಕ್ಕೆ ಶಾಖದ ರೂಪದಲ್ಲಿ ಸುಂಕ ತೆರಬೇಕು.

ಮೊದಮೊದಲ ಗಣಕಗಳು ಈ ಸುಂಕವನ್ನು ಧಾರಾಳವಾಗಿಯೇ ತೆತ್ತವು. 1946ರಲ್ಲಿ ಫಿಲಡೆಲ್ಫಿಯಾದಲ್ಲಿ ಜನರಿಗೆ ತೋರಿಸಿದ ಎನಿಯಾಕ್ ಯಂತ್ರದಲ್ಲಿ ರೇಡಿಯೋ ವಾಲ್ವಿನಂಥ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಅದು ನುಂಗುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವಾಟ್. ಅದಕ್ಕಾಗಿಯೇ ಗಾಳಿ ಊದುವ ಯಂತ್ರಗಳನ್ನು ಕೂರಿಸಬೇಕಾಯಿತು. 1985ರ ಕ್ರೇ-2 ಎಂಬ ಮಹಾಗಣಕದ ಮಂಡಲಗಳನ್ನಂತೂ ವಿದ್ಯುತ್ ಹರಿಯದ ದ್ರವವೊಂದರಲ್ಲಿ ಮುಳುಗಿಸಿಯೇ ಇಡುತ್ತಿದ್ದರು. ನಮ್ಮಲ್ಲೂ ಬ್ಯಾಂಕು, ಕಾಲೇಜು, ಸರ್ಕಾರಿ ಕಚೇರಿಗಳಿಗೆ ಗಣಕ ಬಂದ ಕಾಲದಲ್ಲಿ ಅದಕ್ಕೊಂದು ಹವಾನಿಯಂತ್ರಿತ ಕೊಠಡಿ ಮೀಸಲಾಗಿತ್ತು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾಗಿತ್ತು. ಸಾಹೇಬರ ಕೋಣೆಗೆ ಇಲ್ಲದ ತಂಪು ಯಂತ್ರದ ಗರ್ಭಗುಡಿಗೆ ಇತ್ತು. ನಕ್ಕು ಮರೆತುಬಿಟ್ಟ ಆ ಮಡಿವಂತಿಕೆಗೆ ಕಾರಣವಿಲ್ಲದಿರಲಿಲ್ಲ. ದೂಳು ಕೂತರೆ ಗಾಳಿಯ ದಾರಿ ಕಟ್ಟುತ್ತದೆ, ಗಾಳಿ ಕಟ್ಟಿದರೆ ಯಂತ್ರ ಕಾಯುತ್ತದೆ.

ಟ್ರಾನ್ಸಿಸ್ಟರು ಬಂದ ಮೇಲೆ ಶಾಖ ಇಳಿಯಿತು. ಅದರಲ್ಲೂ 1963ರಲ್ಲಿ ಫೇರ್‌ಚೈಲ್ಡ್ ಕಂಪೆನಿಯ ಫ್ರಾಂಕ್ ವಾನ್ಲಾಸ್ ರೂಪಿಸಿದ ಸಿ-ಮಾಸ್ ಎಂಬ ಮಂಡಲದ ಗುಣವೊಂದನ್ನು ಇಲ್ಲಿ ಗಮನಿಸಬೇಕು, ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಅದು ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಹೊರಳುವಾಗ ಮಾತ್ರ ಹೆಚ್ಚು ವಿದ್ಯುತ್ ಬಳಸುತ್ತದೆ. ಸುಮ್ಮನಿದ್ದರೆ ಖರ್ಚು ಬಹಳ ಕಡಿಮೆ. ಅಂದರೆ ಈ ಚಿಪ್ಪಿಗೆ ವಿಶ್ರಾಂತಿ ಎಂಬುದು ನಿಜವಾದ ವಿಶ್ರಾಂತಿ. ಇನ್ನೂ ಒಂದು ಮಾತು: ವೇಗ ಹೆಚ್ಚಿಸಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕು, ಮತ್ತು ಖರ್ಚು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಓಡುವವನಿಗೆ ನಡೆಯುವವನಿಗಿಂತ ಬೆವರು ಹೆಚ್ಚು, ಎರಡು ಪಟ್ಟು ಓಡಿದರೆ ಬೆವರು ಎರಡು ಪಟ್ಟಿಗೆ ನಿಲ್ಲುವುದಿಲ್ಲ.

1974ರಲ್ಲಿ ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು ಟ್ರಾನ್ಸಿಸ್ಟರನ್ನು ಕಿರಿದು ಮಾಡಿದಷ್ಟೂ ವೋಲ್ಟೇಜನ್ನೂ ಇಳಿಸಬಹುದು, ಆದ್ದರಿಂದ ಅದೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರು ತುಂಬಿದರೂ ಬಿಸಿ ಹೆಚ್ಚುವುದಿಲ್ಲ ಎಂದು ತೋರಿಸಿದರು. ಸುಮಾರು ಮೂವತ್ತು ವರ್ಷ ಉದ್ಯಮವೆಲ್ಲ ಈ ವರದಲ್ಲಿ ಬದುಕಿತು. ಆದರೆ ವರಕ್ಕೂ ಮೇರೆ ಇತ್ತು. ತೀರ ಕಿರಿದಾದ ಟ್ರಾನ್ಸಿಸ್ಟರು ಮುಚ್ಚಿದಾಗಲೂ ಸೋರತೊಡಗಿತು. 1993ರ ಮೊದಲ ಪೆಂಟಿಯಂ ಚಿಪ್ಪು ಸುಮಾರು 15 ವಾಟ್ ಕಾಯುತ್ತಿತ್ತು, ಅದಕ್ಕೇ ಫ್ಯಾನು ಕೂರಿಸಬೇಕಾದದ್ದು ಆಗ ಸುದ್ದಿಯಾಗಿತ್ತು. 2004ರ ಪೆಂಟಿಯಂ-4 ನೂರು ವಾಟ್ ದಾಟಿತು. ಇದೇ ದಾರಿ ಹಿಡಿದರೆ ಚಿಪ್ಪಿನ ಮೇಲ್ಮೈ ಮೊದಲು ಪರಮಾಣು ಸ್ಥಾವರದಷ್ಟು, ಬಳಿಕ ರಾಕೆಟ್ಟಿನ ಬಾಯಿಯಷ್ಟು, ಕೊನೆಗೆ ಸೂರ್ಯನ ಮೇಲ್ಮೈಯಷ್ಟು ಉರಿಯಬೇಕಾಗುತ್ತದೆ ಎಂದು ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್ 2001ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನವೊಂದರಲ್ಲಿ ಎಚ್ಚರಿಸಿದ್ದರು. 2004ರ ಮೇ ತಿಂಗಳಲ್ಲಿ ಇಂಟೆಲ್ ತನ್ನ ಮುಂದಿನ ವೇಗದ ಚಿಪ್ಪಿನ ಯೋಜನೆಯನ್ನೇ ಕೈಬಿಟ್ಟಿತು. ಅಂದಿನಿಂದ ಶಾಖ ಎಂಬುದು ಗಣಕದ ಪಕ್ಕದ ತೊಂದರೆಯಾಗಿ ಉಳಿಯಲಿಲ್ಲ, ಗಣಕ ಎಷ್ಟು ಓಡಬಹುದು ಎಂಬುದನ್ನು ನಿರ್ಧರಿಸುವ ಯಜಮಾನನಾಯಿತು.

ಇದೆಲ್ಲ ಯಂತ್ರದ ಮಾತು. ಇನ್ನು ಚಾಲಕನ ಮಾತಿಗೆ ಬರೋಣ.

ನೀವು ಒಂದು ಪತ್ರ ಟೈಪ್ ಮಾಡುತ್ತಿದ್ದೀರಿ ಎನ್ನಿ. ಒಂದು ಅಕ್ಷರ ಒತ್ತಿ ಇನ್ನೊಂದು ಒತ್ತುವುದರೊಳಗೆ ಗಣಕಕ್ಕೆ ಕೋಟ್ಯಂತರ ಲೆಕ್ಕಗಳನ್ನು ಮಾಡುವಷ್ಟು ಬಿಡುವಿದೆ. ಆ ಬಿಡುವಿನಲ್ಲಿ ಅದು ಏನು ಮಾಡುತ್ತದೆ? 1981ರ ಎಂಎಸ್-ಡಾಸ್ ಮಾಡುತ್ತಿದ್ದದ್ದು ಇಷ್ಟು: ಕೀಲಿ ಒತ್ತಿದರಾ, ಕೀಲಿ ಒತ್ತಿದರಾ ಎಂದು ಎಡೆಬಿಡದೆ ಕೇಳಿಕೊಳ್ಳುತ್ತಿತ್ತು. ಹೊರಗಿನವರ ಕಣ್ಣಿಗೆ ಸುಮ್ಮನೆ ಕೂತ ಯಂತ್ರ, ಒಳಗೆ ಅದು ಏದುಸಿರು ಬಿಡುತ್ತಿತ್ತು. 'ನಿಲ್ಲು, ಯಾರಾದರೂ ಕರೆಯುವವರೆಗೆ ಮಲಗು' ಎಂದು ಹೇಳುವ 'ಹಾಲ್ಟ್' ಎಂಬ ಆಜ್ಞೆ 1978ರ ಇಂಟೆಲ್ 8086 ಚಿಪ್ಪಿನಲ್ಲೇ ಇತ್ತು. ಅದನ್ನು ಬಳಸಬೇಕು ಎಂದು ಡಾಸ್ ಬರೆದವರಿಗೆ ತೋರಲಿಲ್ಲ. ತಪ್ಪೇನೂ ಅಲ್ಲ. ಆಗಿನ ಚಿಪ್ಪು ಮಲಗಿದರೂ ಎದ್ದರೂ ಬಿಸಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ, ಗೋಡೆಯ ವಿದ್ಯುತ್ತು ಅಗ್ಗವಾಗಿತ್ತು.

ಮನೆಗಣಕಗಳ ವಿಂಡೋಸ್ 95ಕ್ಕೂ ಈ ಹಳೆಯ ಚಾಳಿ ಪೂರ್ತಿ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಚಿಪ್ಪುಗಳು ಕಾಯುವುದನ್ನು ಕಲಿತಿದ್ದವು. ಹಾಗಾಗಿ ಬಿಡುವಾದಾಗಲೆಲ್ಲ 'ಹಾಲ್ಟ್' ಎಂದು ಹೇಳುವುದಷ್ಟನ್ನೇ ಕಸುಬಾಗಿ ಉಳ್ಳ ಪುಟ್ಟ ತಂತ್ರಾಂಶಗಳು ಕೈಯಿಂದ ಕೈಗೆ ಹರಿದಾಡಿದವು. ಅವುಗಳಲ್ಲಿ ಒಂದರ ಹೆಸರು 'ರೇನ್', ಇನ್ನೊಂದರದು 'ವಾಟರ್‌ಫಾಲ್'. ಮಳೆ, ಜಲಪಾತ! ಹೆಸರಿಟ್ಟವರಿಗೆ ರಸಿಕತೆ ಇತ್ತು. ಅದೇ ಕಾಲದ ಲಿನಕ್ಸ್ ಮತ್ತು ವಿಂಡೋಸ್ ಎನ್‌ಟಿಗಳಿಗೆ ಈ ಮದ್ದು ಬೇಕಿರಲಿಲ್ಲ, ಅವು ತಾವಾಗಿಯೇ ಚಿಪ್ಪನ್ನು ಮಲಗಿಸುತ್ತಿದ್ದವು. ಒಂದೇ ಯಂತ್ರ, ಎರಡು ಆಪರೇಟಿಂಗ್ ಸಿಸ್ಟಂ, ಎರಡು ಉಷ್ಣಾಂಶ ಎಂಬ ವಿಚಿತ್ರ ಜನಸಾಮಾನ್ಯರ ಅರಿವಿಗೆ ಬಂದದ್ದು ಆಗ.

ತೊಡೆಯ ಮೇಲಿನ ಗಣಕಕ್ಕೆ ಈ ಪ್ರಶ್ನೆ ಮೊದಲಿಂದಲೂ ಕಟುವಾಗಿತ್ತು. 1982ರ ಗ್ರಿಡ್ ಕಂಪಾಸ್‌ಗೆ ಮೆಗ್ನೀಸಿಯಂ ಲೋಹದ ಕವಚ ತೊಡಿಸಿದ್ದರು. ಕವಚವೇ ಬಿಸಿಯನ್ನು ಸುತ್ತಲ ಗಾಳಿಗೆ ಬಿಟ್ಟುಕೊಡುತ್ತಿತ್ತು. ಇದನ್ನು ಅಮೆರಿಕದ ಬಾಹ್ಯಾಕಾಶ ನೌಕೆಗೆ ಒಯ್ದಾಗ ಅದಕ್ಕೊಂದು ಫ್ಯಾನು ಸೇರಿಸಬೇಕಾಯಿತು. ತೂಕವಿಲ್ಲದ ಕಡೆ ಬಿಸಿಗಾಳಿ ಮೇಲಕ್ಕೇರುವುದಿಲ್ಲ, ಯಾಕೆಂದರೆ ಅಲ್ಲಿ ಮೇಲು ಎಂಬುದೇ ಇಲ್ಲ.

ಭೂಮಿಯ ಮೇಲಿನ ಲ್ಯಾಪ್‌ಟಾಪುಗಳಿಗೆ ಬ್ಯಾಟರಿಯ ಚಿಂತೆಯೂ ಸೇರಿಕೊಂಡಿತು. 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ಎಪಿಎಂ ಎಂಬ ಏರ್ಪಾಡು ತಂದವು. ಇದರಲ್ಲಿ ಪರದೆ ಯಾವಾಗ ಆರಬೇಕು, ಡಿಸ್ಕು ಯಾವಾಗ ನಿಲ್ಲಬೇಕು, ಚಿಪ್ಪು ಯಾವಾಗ ನಿಧಾನಿಸಬೇಕು ಎಂಬ ತೀರ್ಮಾನವೆಲ್ಲ ಬಹುಮಟ್ಟಿಗೆ ಬಯೋಸ್‌ನದು. ಬಯೋಸ್ ಎಂದರೆ ಯಂತ್ರ ತಯಾರಿಸಿದವರು ಅದರ ತಾಯಿಹಲಗೆಯಲ್ಲೇ ಬರೆದಿಟ್ಟ ಮೂಲ ತಂತ್ರಾಂಶ. ತಮ್ಮ ಯಂತ್ರದ ಮೈ ಹೇಗಿದೆ ಎಂಬುದು ಅವರಿಗೆ ಗೊತ್ತು. ಗೊತ್ತಿಲ್ಲದ್ದು ಒಂದೇ, ಅದರ ಮುಂದೆ ಕೂತವರು ಏನು ಮಾಡುತ್ತಿದ್ದಾರೆ ಎಂಬುದು. ನೀವು ಸಿನಿಮಾ ನೋಡುತ್ತಿರುವಾಗ ಬಯೋಸ್ ಪರದೆ ಆರಿಸಿಬಿಡುತ್ತಿತ್ತು.

ಈ ಕುರುಡನ್ನು ನೀಗಲು 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಮೂರೂ ಸೇರಿ ಎಸಿಪಿಐ ಎಂಬ ಹೊಸ ಒಪ್ಪಂದ ಹೊರತಂದವು. ಅದರ ಸಾರ ಇಷ್ಟು: ಇನ್ನು ಮುಂದೆ ತೀರ್ಮಾನ ಆಪರೇಟಿಂಗ್ ಸಿಸ್ಟಂನದು, ಬಯೋಸ್ ಸಲಹೆಗಾರ ಮಾತ್ರ. ಯಂತ್ರ ತಯಾರಿಸಿದವರು ತಮ್ಮ ಯಂತ್ರದ ಗುಣಲಕ್ಷಣಗಳನ್ನೂ ಫ್ಯಾನು, ಉಷ್ಣಮಾಪಕ, ಬ್ಯಾಟರಿಗಳನ್ನು ನಡೆಸುವ ವಿಧಾನವನ್ನೂ ಕೆಲವು ಕೋಷ್ಟಕಗಳಲ್ಲಿ ಬರೆದಿಡಬೇಕು, ಆಪರೇಟಿಂಗ್ ಸಿಸ್ಟಂ ಅದನ್ನು ಓದಿಕೊಂಡು ಸಂಸಾರ ನಡೆಸಬೇಕು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ತಿರುವು ಇರುವುದು ಇಲ್ಲಿ. ಇದಕ್ಕೆ ಮುಂಚೆ ಆಪರೇಟಿಂಗ್ ಸಿಸ್ಟಂ ಬದಲಾದರೆ ಯಂತ್ರದ ಬಿಸಿ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದಿತ್ತು, ಅಷ್ಟೆ. ಇದಾದ ಮೇಲೆ ಬಿಸಿಯ ಬೀಗದ ಕೈಯೇ ಅದರ ಸೊಂಟಕ್ಕೆ ಬಂತು. ಚಾಲಕ ಜಾಣನಾದರೆ ಹಿಂದೆಂದೂ ಇಲ್ಲದಷ್ಟು ತಂಪು. ಕೋಷ್ಟಕವನ್ನು ತಪ್ಪಾಗಿ ಓದಿದರೆ, ಅಥವಾ ಕೋಷ್ಟಕವನ್ನೇ ತಪ್ಪಾಗಿ ಬರೆದಿದ್ದರೆ, ಕೇಳುವವರಿಲ್ಲ.

ತಪ್ಪಾಗಿ ಬರೆದವರು ಬಹಳ ಮಂದಿ. ಯಂತ್ರ ತಯಾರಕರು ತಮ್ಮ ಕೋಷ್ಟಕಗಳನ್ನು ವಿಂಡೋಸ್ ಜೊತೆ ಪರೀಕ್ಷಿಸಿ, ಅದು ನಡೆದರೆ ಮಾರುಕಟ್ಟೆಗೆ ಬಿಡುತ್ತಿದ್ದರು. ಲಿಖಿತ ನಿಯಮ ಏನು ಹೇಳುತ್ತದೆ ಎಂಬುದಕ್ಕಿಂತ ವಿಂಡೋಸ್ ಏನು ಮಾಡುತ್ತದೆ ಎಂಬುದೇ ರೂಢಿಯ ಕಾನೂನಾಯಿತು. ಇದರ ಹಿಂದಿನ ರಾಜಕೀಯಕ್ಕೂ ಒಂದು ಸಾಕ್ಷಿ ಉಳಿದಿದೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಮೈಕ್ರೋಸಾಫ್ಟ್ ವಿರುದ್ಧ ನಡೆದು 2007ರಲ್ಲಿ ರಾಜಿಯಲ್ಲಿ ಮುಗಿದ ಮೊಕದ್ದಮೆಯ ದಾಖಲೆಗಳಲ್ಲಿ ಬಿಲ್ ಗೇಟ್ಸ್ 1999ರ ಜನವರಿಯಲ್ಲಿ ಬರೆದ ಒಂದು ಇ-ಮೇಲ್ ಸೇರಿದೆ. ನಾವು ಇಷ್ಟೆಲ್ಲ ಕಷ್ಟಪಟ್ಟು ಎಸಿಪಿಐ ಮಾಡಿದ್ದರ ಫಲ ಲಿನಕ್ಸಿಗೆ ಪುಕ್ಕಟೆಯಾಗಿ ಸಿಕ್ಕರೆ ಹೇಗೆ, ಇದನ್ನು ವಿಂಡೋಸಿಗೆ ಮಾತ್ರ ಒಗ್ಗುವಂತೆ ಮಾಡಲಾಗದೆ ಎಂಬ ಧಾಟಿಯ ಯೋಚನೆ ಅದರಲ್ಲಿದೆ. ಅದು ಯೋಚನೆಯ ಮಟ್ಟದ ಪತ್ರ, ಅದರಿಂದಾಗಿಯೇ ಕೋಷ್ಟಕಗಳು ಕೆಟ್ಟವು ಎನ್ನಲು ಆಧಾರವಾಗದು. ತಯಾರಕರ ಸೋಮಾರಿತನವೊಂದೇ ಸಾಕಾಗಿತ್ತು ಎಂದೇ ನನಗೆ ತೋರುತ್ತದೆ.

ಲಿನಕ್ಸಿನವರದೂ ಸ್ವಂತ ಪಾಲು ಇತ್ತು. ಆಪರೇಟಿಂಗ್ ಸಿಸ್ಟಂ ತನ್ನ ಕಾಲಗಣನೆಗಾಗಿ ಚಿಪ್ಪನ್ನು ನಿಯಮಿತವಾಗಿ ತಟ್ಟಿ ಎಬ್ಬಿಸುತ್ತಿರುತ್ತದೆ. ಸಾಮಾನ್ಯ ಗಣಕಗಳ ಹಳೆಯ ಲಿನಕ್ಸ್ ಸೆಕೆಂಡಿಗೆ 100 ಸಲ ಎಬ್ಬಿಸುತ್ತಿತ್ತು. 2003ರ ಡಿಸೆಂಬರಿನಲ್ಲಿ ಬಂದ 2.6ನೇ ಆವೃತ್ತಿ ಇದನ್ನು 1000ಕ್ಕೆ ಏರಿಸಿತು. ಚಿತ್ರ, ಸಂಗೀತಗಳು ನುಣ್ಣಗೆ ಸಾಗಲಿ ಎಂಬ ಒಳ್ಳೆಯ ಉದ್ದೇಶವೇ. ಆದರೆ ಮಲಗಲು ಹೋದವನನ್ನು ಸೆಕೆಂಡಿಗೆ ಸಾವಿರ ಸಲ 'ಏನಾದರೂ ಕೆಲಸ ಇದೆಯೇ' ಎಂದು ಕೇಳಿದರೆ ಕುಂಭಕರ್ಣನಿಗೂ ನಿದ್ದೆ ಬರಲಾರದು. 2005ರಲ್ಲಿ ಅದನ್ನು 250ಕ್ಕೆ ಇಳಿಸಿದರು. 2007ರ ಏಪ್ರಿಲಿನ 2.6.21ರಲ್ಲಿ, ಕೆಲಸವಿಲ್ಲದಿದ್ದರೆ ಎಬ್ಬಿಸುವುದೇ ಬೇಡ ಎಂಬ ಹೊಸ ಪದ್ಧತಿ ಬಂತು. ಮರುತಿಂಗಳೇ ಇಂಟೆಲ್ 'ಪವರ್‌ಟಾಪ್' ಎಂಬ ಉಪಕರಣವನ್ನು ಬಿಟ್ಟಿತು. ಯಾವ ತಂತ್ರಾಂಶ ಸೆಕೆಂಡಿಗೆ ಎಷ್ಟು ಸಲ ಚಿಪ್ಪಿನ ನಿದ್ದೆ ಕೆಡಿಸುತ್ತಿದೆ ಎಂದು ಅದು ಹೆಸರು ಹಿಡಿದು ಪಟ್ಟಿ ಕೊಡುತ್ತಿತ್ತು. ಕರ್ಸರ್ ಮಿನುಗಿಸುವವರು, ಗಡಿಯಾರದ ಚಿತ್ರ ತೋರಿಸುವವರು, ಅಂಚೆ ಬಂತೇ ಎಂದು ಇಣುಕುವವರು ಎಲ್ಲರೂ ಸಿಕ್ಕಿಬಿದ್ದರು.

ಹೀಗೆ ತಂಪಿನ ಕಡೆ ಸಾಗುತ್ತಿದ್ದ ಲಿನಕ್ಸಿನಲ್ಲಿ 2011ರಲ್ಲಿ ನಡೆದದ್ದು, ಹೊಸ ಆವೃತ್ತಿ ಹಾಕಿದೊಡನೆ ಲ್ಯಾಪ್‌ಟಾಪ್ ಕಾಯುವ ಘಟನೆಗಳ ಪೈಕಿ ಬಹುಶಃ ಅತ್ಯಂತ ಚೆನ್ನಾಗಿ ದಾಖಲಾದದ್ದು. ಸ್ವಲ್ಪ ವಿವರವಾಗಿಯೇ ನೋಡಬಹುದು.

ಆ ವರ್ಷದ ಮಾರ್ಚಿನಲ್ಲಿ ಲಿನಕ್ಸಿನ ತಿರುಳಾದ ಕರ್ನೆಲ್‌ನ 2.6.38ನೇ ಆವೃತ್ತಿ ಹೊರಬಂತು. ಏಪ್ರಿಲಿನಲ್ಲಿ ಉಬುಂಟು 11.04 ಅದನ್ನೇ ಒಳಗೊಂಡು ಲಕ್ಷಾಂತರ ಜನರ ಯಂತ್ರ ಸೇರಿತು. ಬೆನ್ನಿಗೇ ದೂರುಗಳು ಬರತೊಡಗಿದವು: ಬ್ಯಾಟರಿ ಬೇಗ ಮುಗಿಯುತ್ತದೆ, ತಳ ಸುಡುತ್ತದೆ, ಫ್ಯಾನು ಗುಂಯ್‌ಗುಡುತ್ತದೆ. ಕೆಲಸದ ಪಟ್ಟಿ ತೆಗೆದು ನೋಡಿದರೆ ಯಾವ ತಂತ್ರಾಂಶವೂ ಹೆಚ್ಚು ದುಡಿಯುತ್ತಿರಲಿಲ್ಲ. ಯಂತ್ರ ಬಿಡುವಾಗಿತ್ತು, ಆದರೂ ಬಿಸಿಯಾಗಿತ್ತು.

ಗಣಕಗಳ ವೇಗ, ವಿದ್ಯುತ್ ಬಳಕೆ ಅಳೆದು ಬರೆಯುವುದನ್ನೇ ವೃತ್ತಿಯಾಗಿಸಿಕೊಂಡ ಮೈಕೆಲ್ ಲಾರಾಬೆಲ್ ಎಂಬುವರು ಇದರ ಬೆನ್ನು ಹತ್ತಿದರು. ಕರ್ನೆಲ್‌ನ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಸುಮಾರು ಹತ್ತು ಸಾವಿರ ಬದಲಾವಣೆಗಳು ಆಗಿರುತ್ತವೆ. ಅದರಲ್ಲಿ ಕಳ್ಳ ಯಾರು? ಒಂದೊಂದಾಗಿ ಪರೀಕ್ಷಿಸಿದರೆ ವರ್ಷಗಳೇ ಬೇಕು. ಆದರೆ ಅರ್ಧರ್ಧ ಮಾಡುತ್ತ ಹೋಗುವ ಒಂದು ಉಪಾಯವಿದೆ. ಮೊದಲ ಐದು ಸಾವಿರ ಬದಲಾವಣೆಗಳನ್ನಷ್ಟೇ ಸೇರಿಸಿ ಯಂತ್ರ ಓಡಿಸಿ ವಿದ್ಯುತ್ತನ್ನು ಅಳೆಯಿರಿ. ತಂಪಾಗಿದ್ದರೆ ಕಳ್ಳ ಉಳಿದ ಅರ್ಧದಲ್ಲಿದ್ದಾನೆ, ಬಿಸಿಯಾದರೆ ಈ ಅರ್ಧದಲ್ಲೇ ಇದ್ದಾನೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಹೀಗೆ ಹದಿಮೂರು, ಹದಿನಾಲ್ಕು ಸುತ್ತಿನಲ್ಲಿ ಹತ್ತು ಸಾವಿರದಿಂದ ಒಂದಕ್ಕೆ ಬರಬಹುದು. ಪ್ರತಿ ಸುತ್ತಿಗೂ ಕರ್ನೆಲ್ ಹೊಸದಾಗಿ ಕಟ್ಟಬೇಕು, ಯಂತ್ರವನ್ನು ಹೊತ್ತು ಹೊತ್ತು ಓಡಿಸಬೇಕು. ತಾಳ್ಮೆಯ ಕೆಲಸ. ಜೂನ್ ತಿಂಗಳಲ್ಲಿ ಅವರು ಅಪರಾಧಿಯನ್ನು ಹೆಸರಿಸಿದರು.

ಅದು ಎಎಸ್‌ಪಿಎಂ ಎಂಬ ಏರ್ಪಾಡಿಗೆ ಸಂಬಂಧಿಸಿದ ಬದಲಾವಣೆ. ಚಿಪ್ಪಿನಿಂದ ವೈ-ಫೈ, ಗ್ರಾಫಿಕ್ಸ್ ಮುಂತಾದ ಬಿಡಿಭಾಗಗಳಿಗೆ ಹೋಗುವ ದತ್ತಾಂಶದ ಹಾದಿಗಳಿವೆ. ಸಂಚಾರವಿಲ್ಲದಾಗ ಆ ಹಾದಿಗಳ ದೀಪ ಆರಿಸಿ ವಿದ್ಯುತ್ ಉಳಿಸುವುದೇ ಎಎಸ್‌ಪಿಎಂನ ಕೆಲಸ. ಕೆಲವು ಯಂತ್ರಗಳಲ್ಲಿ ಇದು ಸರಿಯಾಗಿ ನಡೆಯದೆ ಯಂತ್ರ ಸ್ತಬ್ಧವಾಗುತ್ತಿತ್ತು. ಬಯೋಸ್ ಕೋಷ್ಟಕದಲ್ಲಿ ಈ ಕುರಿತು ಒಂದೇ ಒಂದು ಬಿಟ್ ಇದೆ, ಹೌದು ಅಥವಾ ಇಲ್ಲ. 'ಇಲ್ಲ' ಎಂದಿದ್ದರೆ ಆಪರೇಟಿಂಗ್ ಸಿಸ್ಟಂ ಎಎಸ್‌ಪಿಎಂ ನಡೆಸಬಾರದು. ಹೊಸ ಕರ್ನೆಲ್ ಈ 'ಇಲ್ಲ'ವನ್ನು ಗೌರವದಿಂದಲೇ ಓದಿ, ಎಎಸ್‌ಪಿಎಂ ಅನ್ನು ಎಲ್ಲ ಹಾದಿಗಳಲ್ಲೂ ಆರಿಸಿಬಿಡುತ್ತಿತ್ತು. ಸುರಕ್ಷತೆಯ ದೃಷ್ಟಿಯಿಂದ ಮಾಡಿದ ಬದಲಾವಣೆ ಅದು.

ಎಡವಟ್ಟಾದದ್ದು ಅರ್ಥದಲ್ಲಿ. ಮನೆ ಯಜಮಾನರು ಊರಿಗೆ ಹೋಗುವಾಗ ನಲ್ಲಿಗಳನ್ನು ತಾವೇ ಬಿಗಿಯಾಗಿ ತಿರುಗಿಸಿ, ಹೊಸ ಕಾವಲುಗಾರನಿಗೆ 'ನಲ್ಲಿಯ ಗೊಡವೆ ನಿನಗೆ ಬೇಡ' ಎಂದು ಚೀಟಿ ಬರೆದಿಟ್ಟು ಹೋದರು ಎನ್ನಿ. ಕಾವಲುಗಾರ ಅದನ್ನು ಓದಿ, ಓಹೋ, ಈ ಮನೆಯಲ್ಲಿ ನಲ್ಲಿ ಮುಚ್ಚುವ ಪದ್ಧತಿ ಇಲ್ಲ ಎಂದುಕೊಂಡು ಎಲ್ಲವನ್ನೂ ಬಿಚ್ಚಿಟ್ಟ. ರಾತ್ರಿಯಿಡೀ ನೀರು ಹರಿಯಿತು. ಆ ಬಿಟ್ಟಿನ ಮಾತು 'ಆರಿಸು' ಎಂದಾಗಿರಲಿಲ್ಲ, 'ಮುಟ್ಟಬೇಡ' ಎಂದಾಗಿತ್ತು. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಬಯೋಸ್ ತಾನೇ ಎಎಸ್‌ಪಿಎಂ ಅನ್ನು ಚಾಲೂ ಮಾಡಿ ಇಟ್ಟಿರುತ್ತಿತ್ತು. ವಿಂಡೋಸ್ ಆ ಬಿಟ್ ಕಂಡಾಗ ಕೈಕಟ್ಟಿ ಸುಮ್ಮನಿರುತ್ತಿತ್ತು, ಬಯೋಸ್ ಮಾಡಿಟ್ಟದ್ದು ಹಾಗೇ ಉಳಿಯುತ್ತಿತ್ತು. ಲಿಖಿತ ನಿಯಮದಿಂದ ಈ ಸೂಕ್ಷ್ಮ ಸ್ಪಷ್ಟವಾಗುತ್ತಿರಲಿಲ್ಲ. ಆಗ ರೆಡ್ ಹ್ಯಾಟ್ ಸಂಸ್ಥೆಯಲ್ಲಿದ್ದ ಮ್ಯಾಥ್ಯೂ ಗ್ಯಾರೆಟ್ ವಿಂಡೋಸಿನ ನಡವಳಿಕೆಯನ್ನು ನೋಡಿ ಇದನ್ನು ಊಹಿಸಿದರು, 2011ರ ನವೆಂಬರಿನಲ್ಲಿ ಮದ್ದು ಸೂಚಿಸಿದರು. ಮದ್ದಿನ ತಿರುಳು ಸರಳ: ಏನನ್ನೂ ಮಾಡದಿರುವುದು.

ಏಪ್ರಿಲಿನಿಂದ ನವೆಂಬರಿನವರೆಗೆ, ಅದು ಎಲ್ಲರ ಯಂತ್ರಗಳಿಗೆ ತಲುಪುವುದರೊಳಗೆ 2012 ಕೂಡ ಬಂದಿತ್ತು, ಅಷ್ಟೂ ಕಾಲ ಆ ಲ್ಯಾಪ್‌ಟಾಪುಗಳು ಬಿಸಿಯಾಗಿಯೇ ಓಡಿದವು. ಗೊತ್ತಿದ್ದವರು ಎಎಸ್‌ಪಿಎಂ ಅನ್ನು ಬಲವಂತವಾಗಿ ಚಾಲೂ ಮಾಡುವ ಸೂಚನೆಯನ್ನು ಸ್ವತಃ ಬರೆದುಕೊಂಡು, ಯಂತ್ರ ಸ್ತಬ್ಧವಾದರೆ ಆಗಲಿ ಎಂದು ಧೈರ್ಯ ಮಾಡಿದರು. ಗೊತ್ತಿಲ್ಲದವರು ಯಂತ್ರಕ್ಕೆ ವಯಸ್ಸಾಯಿತು ಎಂದುಕೊಂಡರು. ಅವರ ತಪ್ಪಲ್ಲ, ಹಳೆಯ ಯಂತ್ರ ಬಿಸಿಯಾದರೆ ಯಾರಿಗಾದರೂ ಮೊದಲು ಹೊಳೆಯುವುದು ಅದೇ.

ಮರುವರ್ಷ ಇನ್ನೂ ವಿಚಿತ್ರವಾದ ಸಂಗತಿ ನಡೆಯಿತು. ಭೂಮಿಯ ತಿರುಗಾಟಕ್ಕೆ ಗಡಿಯಾರವನ್ನು ಹೊಂದಿಸಲು 2012ರ ಜೂನ್ 30ರ ಕೊನೆಯಲ್ಲಿ, ನಮ್ಮ ಲೆಕ್ಕದಲ್ಲಿ ಜುಲೈ 1ರ ಬೆಳಗಿನ ಐದೂವರೆಗೆ, ಒಂದು ಅಧಿಕ ಸೆಕೆಂಡನ್ನು ಸೇರಿಸಲಾಯಿತು. ಅಧಿಕ ಮಾಸ ಬಲ್ಲ ನಮಗೆ ಅದೊಂದು ವಿಶೇಷವಲ್ಲ, ಲಿನಕ್ಸಿಗೆ ಆಯಿತು. ಅದರ ಒಳಗಿನ ಎರಡು ಗಡಿಯಾರಗಳಿಗೆ ತಾಳೆ ತಪ್ಪಿ, 'ಸ್ವಲ್ಪ ಹೊತ್ತು ಮಲಗಿರು' ಎಂದು ಹೇಳಿಸಿಕೊಂಡ ತಂತ್ರಾಂಶಗಳು ಮಲಗಿದ ಕ್ಷಣವೇ ಏಳತೊಡಗಿದವು, ಮತ್ತೆ ಮಲಗಿ ಮತ್ತೆ ಎದ್ದವು. ಜರ್ಮನಿಯ ಹೆಟ್ಜ್‌ನರ್ ಎಂಬ ಗಣಕ ಬಾಡಿಗೆ ಸಂಸ್ಥೆಯ ಕೇಂದ್ರಗಳಲ್ಲಿ ಆ ರಾತ್ರಿ ವಿದ್ಯುತ್ ಬಳಕೆ ಸುಮಾರು ಒಂದು ಮೆಗಾವಾಟ್ ಏರಿತು. ಅಷ್ಟೂ ವಿದ್ಯುತ್ತು ಯಾವ ಕೆಲಸವನ್ನೂ ಮಾಡದೆ ಶಾಖವಾಗಿ ಹೋಯಿತು. ಪರಿಹಾರ? ಈಗ ಎಷ್ಟು ಗಂಟೆಯೋ ಅದೇ ಗಂಟೆಯನ್ನು ಇನ್ನೊಮ್ಮೆ ಹೊಂದಿಸಿದರೆ ಸಾಕಾಗುತ್ತಿತ್ತು.

ಎಲ್ಲ ಬಿಸಿಯೂ ಹೀಗೆ ವ್ಯರ್ಥವೆಂದು ತಿಳಿಯಬಾರದು. ಹೊಸ ಆವೃತ್ತಿ ಬಂದೊಡನೆ ಯಂತ್ರ ಒಂದೆರಡು ದಿನ ಕಾಯುವುದಕ್ಕೆ ಸಾಧಾರಣ ಕಾರಣವೊಂದಿದೆ. 2005ರಲ್ಲಿ ಆಪಲ್‌ನ ಟೈಗರ್ ಆವೃತ್ತಿಯೊಂದಿಗೆ ಬಂದ ಸ್ಪಾಟ್‌ಲೈಟ್‌ನಂಥ ಹುಡುಕು ಸೌಲಭ್ಯಗಳು ಡಿಸ್ಕಿನ ಪ್ರತಿ ಕಡತವನ್ನೂ ಓದಿ ಪದಸೂಚಿ ಕಟ್ಟುತ್ತವೆ. ಹೊಸ ಮನೆಗೆ ಬಂದವರು ಡಬ್ಬಿಗಳನ್ನೆಲ್ಲ ತೆಗೆದು ಜೋಡಿಸುವಂತೆ ಇದು. ಜೋಡಿಸಿ ಮುಗಿದ ಮೇಲೆ ತಣ್ಣಗಾಗುತ್ತದೆ. ಆ ಎರಡು ದಿನ ಕಾಯುವ ವ್ಯವಧಾನ ಇಲ್ಲದವರೇ ಹೆಚ್ಚು. 2018ರ ಜನವರಿಯಲ್ಲಿ ಬಯಲಾದ ಚಿಪ್ಪಿನ ಭದ್ರತಾ ಲೋಪಗಳಿಗೆ ಹಾಕಿದ ತೇಪೆಗಳೂ ಯಂತ್ರಕ್ಕೆ ಹೆಚ್ಚಿನ ದುಡಿಮೆ ಹೊರಿಸಿದವು. ಅದು ಬೀಗಕ್ಕೆ ತೆತ್ತ ಬೆಲೆ. ಉಳಿದಂತೆ ತಂತ್ರಾಂಶದ ಬೊಜ್ಜು ಇದ್ದೇ ಇದೆ. ಜ್ಯೂರಿಕ್‌ನ ನಿಕ್ಲಾಸ್ ವಿರ್ತ್ 1995ರಲ್ಲೇ ಯಂತ್ರಾಂಶ ವೇಗ ಗಳಿಸುವುದಕ್ಕಿಂತ ಬೇಗ ತಂತ್ರಾಂಶ ನಿಧಾನವಾಗುತ್ತಿದೆ ಎಂದು ಬೇಸರಪಟ್ಟು ಲೇಖನ ಬರೆದಿದ್ದರು. ಎಲ್ಲ ದೋಷವನ್ನೂ ಬೊಜ್ಜಿನ ತಲೆಗೆ ಕಟ್ಟುವವರಿಗೆ ಆ ಮಾತು ಬಹಳ ಪ್ರಿಯ. ಆದರೆ 2011ರ ಲಿನಕ್ಸ್ ಏನೂ ದಪ್ಪಗಾಗಿರಲಿಲ್ಲ, ಒಂದು ಬಿಟ್ ತಪ್ಪು ಓದಿಕೊಂಡಿತ್ತು.

ದೊಡ್ಡ ಕಂಪೆನಿಗಳಿಗೆ ಈ ಪೀಡೆ ತಟ್ಟದೆಂದಲ್ಲ. 2023ರ ಸೆಪ್ಟೆಂಬರಿನಲ್ಲಿ ಹೊಸ ಐಫೋನ್ 15 ಪ್ರೊ ಕೊಂಡವರು ಕೈ ಸುಡುತ್ತದೆ ಎಂದು ದೂರಿದಾಗ, ಕೆಲವರು ಫೋನಿನ ಟೈಟೇನಿಯಂ ಮೈಯನ್ನು ಶಂಕಿಸಿದರು. ಐಓಎಸ್ 17ರಲ್ಲಿನ ಒಂದು ದೋಷವೂ ಕೆಲವು ಆ್ಯಪ್‌ಗಳೂ ಕಾರಣ ಎಂದು ಆಪಲ್ ಒಪ್ಪಿಕೊಂಡು, ಅಕ್ಟೋಬರ್ ಮೊದಲ ವಾರದಲ್ಲೇ ತಿದ್ದುಪಡಿ ಕಳಿಸಿತು. ಹೊಸ ಫೋನಿಗೆ ಕೆಲವೇ ವಾರಗಳಲ್ಲಿ ಮದ್ದು ಸಿಕ್ಕಿತು.

ಹಳೆಯ ಯಂತ್ರದ ಪಾಡು ಬೇರೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ತನಗೆ ಬೇಕಾದ ಚಿಪ್ಪುಗಳ ಪಟ್ಟಿಯನ್ನೇ ಮುಂದಿಡುತ್ತದೆ. ಪಟ್ಟಿಯಲ್ಲಿಲ್ಲದ ಲ್ಯಾಪ್‌ಟಾಪ್ ಇಟ್ಟುಕೊಂಡವರು ಹೇಗೋ ಅದನ್ನು ಹಾಕಿಸುತ್ತಾರೆ, ಇಲ್ಲವೇ ಲಿನಕ್ಸಿಗೆ ಹೋಗುತ್ತಾರೆ. ಎರಡರಲ್ಲೂ ಚಾಲಕನಿಗೆ ಆ ಯಂತ್ರದ ಕೋಷ್ಟಕ ಹೊಸದು, ಅದನ್ನು ಬರೆದವರು ಅದನ್ನು ತಿದ್ದುವುದನ್ನು ಎಂದೋ ನಿಲ್ಲಿಸಿದ್ದಾರೆ. ಚಿಪ್ಪಿನ ಮೇಲೆ ಶಾಖ ದಾಟಿಸಲು ಹಚ್ಚಿದ ಲೇಪ ಒಣಗಿರುತ್ತದೆ, ಫ್ಯಾನಿನಲ್ಲಿ ದೂಳು ಕಟ್ಟಿರುತ್ತದೆ. ಹಳೆಯ ಆವೃತ್ತಿ ನಿಧಾನವಾಗಿ ನಡೆಸುತ್ತಿದ್ದುದರಿಂದ ಬೆಳಕಿಗೆ ಬಾರದೆ ಉಳಿದಿದ್ದ ಈ ಕೊರತೆಗಳೆಲ್ಲ ಹೊಸ ಆವೃತ್ತಿಯ ಮೊದಲ ದಿನವೇ ಎದ್ದು ಕಾಣುತ್ತವೆ. ಬಯ್ಗುಳ ತಿನ್ನುವುದು ಹೊಸಬ.

ಅದರ ಮೇಲೆ ನಮ್ಮ ಹವೆ. ಆಪಲ್ ತನ್ನ ಲ್ಯಾಪ್‌ಟಾಪುಗಳು ನಡೆಯಬೇಕಾದ ಪರಿಸರದ ಉಷ್ಣಾಂಶವನ್ನು 10ರಿಂದ 35 ಡಿಗ್ರಿ ಸೆಲ್ಸಿಯಸ್ ಎಂದು ನಮೂದಿಸುತ್ತದೆ, ಉಳಿದ ಎಷ್ಟೋ ತಯಾರಕರ ಮಿತಿಯೂ ಅಲ್ಲೇ ಸುತ್ತಮುತ್ತ. ಕಲಬುರಗಿ, ರಾಯಚೂರುಗಳಲ್ಲಿ ಮೇ ತಿಂಗಳ ಮಧ್ಯಾಹ್ನ 40 ದಾಟುತ್ತದೆ, ಮನೆಯೊಳಗೂ 35ರ ಕೆಳಗೆ ಇಳಿಯುವುದು ಅಪರೂಪ. ಚಿಪ್ಪು ಸುಮಾರು ನೂರು ಡಿಗ್ರಿಯ ಹತ್ತಿರ ಬಂದೊಡನೆ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ತಂಪು ನಾಡಿನ ಕೊಠಡಿಯಲ್ಲಿ ಹೊಸ ಆವೃತ್ತಿ ಸೇರಿಸಿದ ಐದಾರು ಡಿಗ್ರಿ ಫ್ಯಾನಿನ ಸದ್ದಿನಲ್ಲೇ ಮುಗಿದುಹೋಗುತ್ತದೆ. ಇಲ್ಲಿ ಅದೇ ಐದಾರು ಡಿಗ್ರಿಗೆ ಯಂತ್ರ ಮಿತಿ ಮುಟ್ಟಿ, ಪರೀಕ್ಷೆಯ ಅರ್ಜಿ ತುಂಬುತ್ತಿರುವಾಗಲೇ ಕುಂಟತೊಡಗುತ್ತದೆ.